ಏಳು ಮೀನು, ಒಂದು ಸೊಂಟ

ರಬಕವಿಯಲ್ಲಿ ಕರೆಂಟು ಹೋದದ್ದು ಮೊದಲು ಕಿವಿಗೆ ತಿಳಿಯುತ್ತದೆ. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದರೆ ತೊಟ್ಟಿಲ ಕೂಸು ಕೂಡ ಬೆಚ್ಚಿ ಏಳುತ್ತದೆ. ಆ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಹಾಗೆ ಸದ್ದಡಗಿದಾಗ ಎಲ್ಲರಿಗಿಂತ ಹೆಚ್ಚು ಎದೆ ಧಸಕ್ಕೆಂದದ್ದು ಮಾಂತೇಶನಿಗೆ. ಅವನ ಮನೆಯಲ್ಲಿ ಲೂಮೇನೂ ಇರಲಿಲ್ಲ. ಹಳೆಯ ಕೂಲರಿನಿಂದ ಕಿತ್ತ ಒಂದು ಪಂಪಿತ್ತು, ಆ ಪಂಪನ್ನೇ ನಂಬಿದ ಏಳು ಬಂಗಾರ ಬಣ್ಣದ ಮೀನುಗಳಿದ್ದವು.

ಇಪ್ಪತ್ತೆರಡು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದ ಮಾಂತೇಶನಿಗೆ ಹೋದ ವರ್ಷ ಸೊಂಟ ಕೈಕೊಟ್ಟಿತ್ತು. ಬಗ್ಗಬಾರದು, ಒಂದು ತಂಬಿಗೆ ನೀರಿಗಿಂತ ಹೆಚ್ಚು ಭಾರ ಎತ್ತಬಾರದು, ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಕೂರಬಾರದು ಎಂದು ಹೇಳಿದ ಡಾಕ್ಟರು ಸೊಂಟಕ್ಕೊಂದು ಪಟ್ಟಿ ಬಿಗಿದು ಕಳಿಸಿದ್ದರು. ಉಳಿದದ್ದೆಲ್ಲ ಧಾರಾಳವಾಗಿ ಮಾಡಬಹುದಂತೆ. ಉಳಿದದ್ದೇನು ಎಂದು ಮಾತ್ರ ಅವರು ಹೇಳಲಿಲ್ಲ.

ಕೆಲಸವಿಲ್ಲದ ಗಂಡಸಿಗೆ ಫೋನೇ ಗುರು. ಮೀನಿನ ಹೊಲಸು ಬೆರೆತ ನೀರನ್ನು ಗಿಡಗಳಿಗೆ ಹರಿಸಿದರೆ ಮಣ್ಣಿಲ್ಲದೆಯೇ ಪಲ್ಯ ಬೆಳೆಯುತ್ತದೆ, ಗಿಡ ಸೋಸಿಕೊಟ್ಟ ನೀರು ತಿರುಗಿ ಮೀನಿಗೇ ಬರುತ್ತದೆ ಎಂಬ ವಿಡಿಯೋ ನೋಡಿ ಮಾಂತೇಶ ಎರಡು ರಾತ್ರಿ ನಿದ್ದೆ ಕೆಟ್ಟ. ಬಗ್ಗುವ ಹಂಗಿಲ್ಲದ ಒಕ್ಕಲುತನ ಅದು. ನೂಲಿಗೆ ಬಣ್ಣ ಹಾಕುವವರು ಬಿಸಾಡಿದ ನೀಲಿ ಡ್ರಮ್ಮನ್ನು ಏಳು ಸಲ ತೊಳೆಸಿದ. ತನ್ನದೇ ಮಗ್ಗದ ಕಟ್ಟಿಗೆ ಬಿಚ್ಚಿ ಸೊಂಟದೆತ್ತರಕ್ಕೆ ಅಟ್ಟ ಕಟ್ಟಿಸಿದ. ಅಟ್ಟದ ಮೇಲೆ ಸಣ್ಣ ಖಡಿಕಲ್ಲು ತುಂಬಿದ ಟಬ್ಬು, ಟಬ್ಬಿನಲ್ಲಿ ಗೇಣುದ್ದ ಎದ್ದ ಮೆಂತೆ. ಇಡೀ ಕಾರ್ಖಾನೆಯಲ್ಲಿ ರೊಕ್ಕ ಕೊಟ್ಟು ತಂದದ್ದು ಮೀನುಗಳನ್ನಷ್ಟೇ.

ಇದೆಲ್ಲ ಶೋಕಿಗಲ್ಲ. ಹೆಂಡತಿ ಪೂರ್ಣಿಮಾಳ ತಮ್ಮ ಗುರುಪಾದನಿಗೆ ಮುಧೋಳದಲ್ಲಿ ಸೀರೆ ಅಂಗಡಿಯಿತ್ತು. ಅಂಗಡಿಯ ಬಾಗಿಲಲ್ಲಿ ನಿಂತು, ಹಾದುಹೋಗುವ ಹೆಂಗಸರನ್ನು ಒಳಗೆ ಕರೆಯುವ ಕೆಲಸವನ್ನು ಅವನು ಭಾವನಿಗಾಗಿ ದೊಡ್ಡ ಮನಸ್ಸಿನಿಂದ ತೆಗೆದಿರಿಸಿದ್ದ. ಸೀರೆ ನೇಯ್ದವನು ಸೀರೆಗಾಗಿ ದಾರಿಹೋಕರ ಮುಂದೆ ಹಲ್ಲು ಕಿರಿಯುವುದೇ ಎಂದು ಮಾಂತೇಶ ಒಂದು ವಾರ ಊಟ ಬಿಟ್ಟ. ಅಂದರೆ, ರಾತ್ರಿಯ ಊಟ ಮಾತ್ರ. ಕೊನೆಗೆ ಪೂರ್ಣಿಮಾ ಒಂದು ಕರಾರು ಹಾಕಿದ್ದಳು.

"ಗುರುವಾರ ಸಂಜಿ ಐದಕ್ಕ ಗುರುಪಾದ ಟೆಂಪೋ ತಗೊಂಡು ಬರತಾನ್ರಿ. ಅಷ್ಟೊತ್ತಿಗೆ ಏಳೂ ಮೀನ ಜೀವಂತ ಇರಬೇಕು, ಮೆಂತೆಪಲ್ಯೆ ನಿಂತಿರಬೇಕು. ಹಂಗಿದ್ರ ನೀವು ಮನ್ಯಾಗ ಇರ್ರಿ. ಇಲ್ಲಂದ್ರ ನಿಮ್ಮ ಬ್ಯಾಗ ತುಂಬಿ ಇಟ್ಟೇನಿ."

ಕರಾರಿನ ಆ ಗುರುವಾರ ಬೆಳಿಗ್ಗೆಯೇ ಆಕೆ ಮಹಿಳಾ ಸಂಘದ ಮೀಟಿಂಗಿಗೆ ಹೋಗಿದ್ದಳು. ಬ್ಯಾಗು ಬಾಗಿಲ ಹಿಂದೆ ಕೂತು ಕಾಯುತ್ತಿತ್ತು.

ಹತ್ತೂವರೆಗೆ ಮೀನುಗಳು ಮೇಲೆ ಬಂದು ಬಾಯಿ ಕಳೆಯತೊಡಗಿದವು. ನೀರಿಗೆ ಗಾಳಿ ಸಾಲದಾಗಿತ್ತು. ನೀರನ್ನು ಎತ್ತಿ ಎತ್ತಿ ಮೇಲಿನಿಂದ ಸುರಿಯಬೇಕು. ಮಾಂತೇಶ ತಂಬಿಗೆಗೆ ಹಗ್ಗ ಕಟ್ಟಿ, ಬಾವಿಯಿಂದ ಸೇದಿದಂತೆ ಡ್ರಮ್ಮಿನಿಂದ ಸೇದಿ ಸೇದಿ ಸುರಿದ. ಮೂವತ್ತನೆಯ ತಂಬಿಗೆಗೆ ಸೊಂಟ ಚುಳುಕ್ ಎಂದಿತು.

ಪಕ್ಕದ ಮನೆಯ ಮುತ್ತಣ್ಣ ಎಂಟು ಲೂಮಿನ ಧಣಿ. ಕರೆಂಟು ಹೋದರೆ ಅವನಿಗೆ ಕೈಗೆ ಕೆಲಸವಿರುವುದಿಲ್ಲ, ಬಾಯಿಗಿರುತ್ತದೆ.

"ಮುತ್ತಣ್ಣಾ, ಸ್ವಲ್ಪ ನೀರ ಎತ್ತಿ ಹಾಕಿ ಪುಣ್ಯಾ ಕಟ್ಕೋಪಾ," ಎಂದ ಮಾಂತೇಶ.

"ಎತ್ತತಿದ್ದೆ ತಮ್ಮಾ, ಏನ ಮಾಡ್ಲಿ, ನಿನ್ನೆನ ಹೆಗಲ ಉಳುಕೇತಿ," ಎಂದು ಮುತ್ತಣ್ಣ ಕಟ್ಟೆಯ ಮೇಲೆ ಆರಾಮಾಗಿ ಕೂತ. "ಮೀನಾ ಸೊರಗ್ಯಾವು. ತಿನ್ನಾಕ ಏನ ಹಾಕತಿ?"

"ಕಾಳ ಹಾಕತೇನಿ."

"ಕಾಳಿನ್ಯಾಗ ಏನ ಶಕ್ತಿ ಐತಿ? ನೂಲಿಗೆ ಗಂಜಿ ಹಾಕಿದ್ರ ಹೆಂಗ ಗಟ್ಟಿ ಆಗತೈತಿ ನೋಡು. ಮೀನಿಗೆ ಆಗೂದಿಲ್ಲೇನು?"

ಸೊಂಟಪಟ್ಟಿ ಕಟ್ಟಿದವನು ಹಿಂದೆ ನೋಡಲು ಮೈಯೆಲ್ಲ ತಿರುಗಿಸಬೇಕು. ಮಾಂತೇಶ ಹಾಗೆ ತಿರುಗುವಷ್ಟರಲ್ಲಿ ಮುತ್ತಣ್ಣ ತನ್ನ ಮನೆಯಿಂದ ಒಂದು ಬೋಗುಣಿ ಗಂಜಿ ತಂದು ಡ್ರಮ್ಮಿಗೆ ಸುರಿದಾಗಿತ್ತು. ಉಳುಕಿದ ಹೆಗಲು ಬೋಗುಣಿಗೆ ಅಡ್ಡಿ ಮಾಡಿರಲಿಲ್ಲ. ನೀರು ಮಜ್ಜಿಗೆಯಾಯಿತು, ಮೀನು ಕಾಣದಾದವು.

ಈಗ ನೀರನ್ನೇ ಬದಲಿಸಬೇಕು. ಹೊಸ ನೀರು ಮಾಳಿಗೆಯ ಟಾಕಿಯಿಂದ ನಳದಲ್ಲಿ ಬರುತ್ತದೆ, ಅದಕ್ಕೆ ಪೈಪು ಹಚ್ಚಿದರಾಯಿತು. ಹಳೆಯದನ್ನು ಹೊರಹಾಕುವವರು ಯಾರು? ಅಷ್ಟರಲ್ಲಿ ಹತ್ತು ಹನ್ನೆರಡು ಜನ ಕೂಡಿದ್ದರು. ಒಬ್ಬನಿಗೆ ಉಪವಾಸ, ಒಬ್ಬನಿಗೆ ಇಸ್ತ್ರಿ ಅಂಗಿ, ಒಬ್ಬನಿಗೆ ಈಗಷ್ಟೇ ಸ್ನಾನ ಮುಗಿದಿತ್ತು. ಸಲಹೆ ಮಾತ್ರ ಯಾರಲ್ಲೂ ಕಡಿಮೆಯಿರಲಿಲ್ಲ. ಮಾಂತೇಶ ಪೈಪಿನ ಒಂದು ತುದಿಯನ್ನು ಡ್ರಮ್ಮಿಗೆ ಬಿಟ್ಟು, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಜೋರಾಗಿ ಎಳೆದ. ನೀರು ಬಂತು. ಮೊದಲನೆಯ ಗುಟುಕು ನೇರ ಹೊಟ್ಟೆಗಿಳಿಯಿತು.

ಅದೇ ಗಳಿಗೆಗೆ ಎದುರುಮನೆಯ ಅನಸವ್ವ ಬರಬೇಕೇ? ಓಣಿಯ ಮಡಿ ಮೈಲಿಗೆಗಳ ಹೈಕೋರ್ಟು ಆಕೆ.

"ಲೇ ಮಾಂತ್ಯಾ, ಏನ ಕುಡದೆಲೇ?"

"ನೀರಬೇ ಯವ್ವಾ."

"ಮೀನ ಬಿದ್ದ ನೀರು, ಮ್ಯಾಲ ಗಂಜಿ. ಅದಕ್ಕ ನೀರ ಅಂತಾರೇನು, ಸಾರ ಅಂತಾರ. ಕೊಳ್ಳಾಗ ಲಿಂಗಾ ಕಟಗೊಂಡು ಮೀನದ ಸಾರ ಕುಡಿತಿ?" ಅನಸವ್ವನ ಕಣ್ಣು ಟಬ್ಬಿನ ಮೇಲೆ ಬಿತ್ತು. "ಇದನ್ನ ಕುಡದ ಬೆಳದದ್ದು ಈ ಪಲ್ಯೆ. ಇದೂ ನಮ್ಮ ಮಂದಿ ಉಣ್ಣೂವಂಥಾದ್ದಲ್ಲ. ಕಿತ್ತ ಒಗೀರಿ."

ಗಂಜಿಯಿಂದಾದರೂ ಪಾರಾಗಬಹುದು, ಅನಸವ್ವನಿಂದ ಪಾರಾದವರಿಲ್ಲ. ಆಕೆಯ ಕೈ ಮೆಂತೆಯ ಬುಡಕ್ಕೇ ಹೋಯಿತು. ಮಾಂತೇಶನಿಗೆ ಅಳು ಬಂತು. ಬಾಗಿಲ ಹಿಂದಿನ ಬ್ಯಾಗು ಕಣ್ಣಿಗೆ ಕಟ್ಟಿತು.

"ಯವ್ವಾ, ತಡೀರಿ," ಎಂದು ದನಿ ಬಂತು. ಚಿಮ್ಮಡದಿಂದ ಮೋಟರಸೈಕಲ್ಲಿನ ಮೇಲೆ ಕಾಯಿಪಲ್ಯ ಮಾರಲು ಬರುವ ಅಮಸಿದ್ದಪ್ಪ ಹೊರೆ ಇಳಿಸದೆಯೇ ನಿಂತಿದ್ದ. "ನನ್ನ ಬದನಿಕಾಯಿ ಎಷ್ಟ ವರ್ಷ ಆತ್ರಿ ತಗೋಳಾಕತ್ತು?"

"ಇಪ್ಪತ್ತ ವರ್ಷ ಆದಾವು. ಯಾಕ?"

"ವರ್ಷಾ ವರ್ಷಾ ಹೊಲದಾಗ ಮುನ್ನೂರ ಕುರಿ ತರಬಿ ನಿಲ್ಲಸತೇನಿ. ಅವುಗೋಳ ಹಿಕ್ಕಿ, ಉಚ್ಚಿ ಎಲ್ಲಾ ಹೊಲಕ್ಕ ಬೀಳತೈತಿ. ಅದನ್ನ ಉಂಡ ಬೆಳದ ಬದನಿಕಾಯಿ ನಿಮಗ ನಡದೈತಿ. ಇಪ್ಪತ್ತ ವರ್ಷದಿಂದ ನೀವು ಕುರಿ ತಿಂದಂಗ ಆತೇನ್ರಿ ಹಂಗಾರ?"

ಓಣಿ ನಕ್ಕಿತು. ಅನಸವ್ವ ಕೈ ಹಿಂದೆ ತೆಗೆದಳು. ಇಪ್ಪತ್ತು ವರ್ಷದ ಬದನೆಕಾಯಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವುದಕ್ಕಿಂತ ಮೆಂತೆಯನ್ನು ಪವಿತ್ರ ಮಾಡುವುದೇ ಸೋವಿ ಎಂದು ಆಕೆಗೆ ತಟ್ಟನೆ ಹೊಳೆದಿರಬೇಕು. "ಪಲ್ಯೆ ಏನ ಪಾಪಾ ಮಾಡೇತಿ ಬಿಡ್ರಿ, ಅದೂ ಶಿವನ ಸೃಷ್ಟಿನ," ಎಂದು ತೀರ್ಪು ತಿದ್ದಿದಳು. ಅಮಸಿದ್ದಪ್ಪನ ತಕ್ಕಡಿಗೂ ಆ ದಿನ ಒಳ್ಳೇ ವ್ಯಾಪಾರವಾಯಿತು.

ನಾಲ್ಕೂವರೆಗೆ ಲೂಮುಗಳು ಕೂಗಿದವು, ಪಂಪು ಗುರ್ ಎಂದಿತು. ನಳದಿಂದ ತುಂಬಿಸಿದ ಹೊಸ ನೀರಿನಲ್ಲಿ ಮೀನುಗಳು ಓಡಾಡಿದವು. ಸುದ್ದಿ ಹಬ್ಬಿ ಹಿಂದಿನ ಓಣಿಯವರೂ ನೋಡಲು ಬಂದಿದ್ದರು. ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಎತ್ತಿ ಮೀನು ತೋರಿಸುತ್ತಿದ್ದರು.

ಐದಕ್ಕೆ ಗುರುಪಾದನ ಟೆಂಪೋ ಬಂತು, ಮೀಟಿಂಗು ಮುಗಿಸಿದ ಪೂರ್ಣಿಮಾ ಅದರಿಂದಲೇ ಇಳಿದಳು. ಜನರನ್ನು ಸರಿಸಿಕೊಂಡು ಡ್ರಮ್ಮಿನ ಹತ್ತಿರ ಬಂದು ಬೆರಳು ಮಾಡಿ ಎಣಿಸಿದಳು. ಏಳು. ಮೆಂತೆಯನ್ನು ಸವರಿ ನೋಡಿದಳು. ನಿಂತಿತ್ತು.

"ಮಾತಂದ್ರ ಮಾತು. ನೀವು ಗೆದ್ರಿ," ಎಂದಳು. ಬ್ಯಾಗಿನೊಳಗಿನ ಅಂಗಿಗಳನ್ನು ತೆಗೆದು ಗೂಟಕ್ಕೆ ಹಾಕಲು ಒಳಗೆ ಹೋದಳು. ಮಾಂತೇಶನಿಗೆ ಒಂದು ವರ್ಷದಲ್ಲಿ ಮೊದಲ ಸಲ ಸೊಂಟ ಇರುವುದೇ ಮರೆತುಹೋಯಿತು. ಅಷ್ಟು ಖುಷಿಯಾಗಿತ್ತು ಅವನಿಗೆ.

ಗುರುಪಾದ ಮಾತ್ರ ಮೀನನ್ನೂ ನೋಡಲಿಲ್ಲ, ಮೆಂತೆಯನ್ನೂ ನೋಡಲಿಲ್ಲ. ನೆರೆದ ಹೆಂಗಸರನ್ನು ನೋಡುತ್ತಿದ್ದ. ವ್ಯಾಪಾರಿಯ ಕಣ್ಣು, ತಲೆ ಎಣಿಸುತ್ತಿತ್ತು.

"ಭಾವಾರ, ಇವರೆಲ್ಲಾ ಎಷ್ಟೊತ್ತಿನಿಂದ ನಿಂತಾರ್ರಿ?"

"ಮುಂಜಾನಿಂದ," ಎಂದ ಮಾಂತೇಶ ಹೆಮ್ಮೆಯಿಂದ.

"ಯಾರೂ ಕರೀಲಾರದ?"

"ಯಾರ ಕರೀತಾರೋ? ತಾವಾಗೇ ಬಂದಾರ."

ಗುರುಪಾದ ಭಾವನ ಎರಡೂ ಕೈ ಹಿಡಿದುಕೊಂಡ. "ನನ್ನ ಅಂಗಡಿ ಮುಂದ ಹಬ್ಬದಾಗೂ ಇಷ್ಟ ಹೆಣ್ಣಮಕ್ಕಳು ನಿಂತಿಲ್ರಿ. ಕರಿಯೂ ಕೆಲಸಾ ನಿಮಗ ಸೇರಲಿಲ್ಲ, ಖರೆ ಐತಿ. ಅದನ್ನ ಬಿಟ್ಟ ಬಿಡ್ರಿ. ಡ್ರಮ್ಮ ಅಂಗಡಿ ಬಾಗಲಾಗ ಇಡೂಣು. ನೀವು ಬಾಯಿ ಬಿಡೂದ ಬ್ಯಾಡ, ಮೀನಿಗೆ ಕಾಳ ಹಾಕ್ಕೋಂತ ಬಾಜೂಕ ನಿಂತ್ರ ಸಾಕು."

"ಕರಾರು..." ಎಂದ ಮಾಂತೇಶ, ಹೆಂಡತಿಯ ಕಡೆಗೆ ಮೈಯೆಲ್ಲ ತಿರುಗಿಸಿ.

ಪೂರ್ಣಿಮಾ ಅಂಗಿಗಳನ್ನು ತಿರುಗಿ ಬ್ಯಾಗಿಗೆ ತುಂಬುತ್ತಿದ್ದಳು. "ನೀವು ಮನ್ಯಾಗ ಇರ್ರಿ ಅಂದಿದ್ದೆ, ಬ್ಯಾಡ ಅನ್ನಂಗಿಲ್ಲ. ಆದ್ರ ಮೀನ ಅಲ್ಲಿಗೆ ಹೋದ ಮ್ಯಾಲ ಇಲ್ಲಿ ಏನ ಮಾಡತೀರಿ? ನಿಮ್ಮ ಸ್ವಂತ ಉದ್ಯೋಗ ಐತಿ, ಅಲ್ಲೇ ಮಾಡ್ರಿ."

ಬೆಳಗಿನಿಂದ ಒಂದು ಕೊಡ ನೀರು ಎತ್ತಲಾರದ ಓಣಿ ಒಂದಾಗಿ ಕೈ ಹಚ್ಚಿತು. ಅರ್ಧ ನೀರು ಚೆಲ್ಲಿ ಡ್ರಮ್ಮನ್ನು ಮೀನು ಸಹಿತ ಎತ್ತಿ ಟೆಂಪೋಕ್ಕೆ ಏರಿಸಿದರು. ಎಲ್ಲರಿಗಿಂತ ಮುಂದೆ ಹೆಗಲು ಕೊಟ್ಟವನು ಮುತ್ತಣ್ಣ. ಆಮೇಲೆ ಅಟ್ಟ, ಆಮೇಲೆ ಮೆಂತೆ. ಮಾಂತೇಶ ತಾನಾಗಿ ಹತ್ತಲಾರನೆಂದು ಅವನನ್ನು ಕೇಳದೆಯೇ ಅವನನ್ನೂ ಎತ್ತಿದರು.

"ಜ್ವಾಕಿ ತಮ್ಮಾ," ಎಂದು ಮುತ್ತಣ್ಣ ಕೆಳಗಿನಿಂದ ಹೇಳಿದ. "ಸೊಂಟದ ಮನಶ್ಯಾ ನೀ. ಭಾರ ಏನೂ ಎತ್ತಾಕ ಹೋಗಬ್ಯಾಡ."