ಡ್ರೋನ್ ತಾನಾಗಿಯೇ ಮನೆಗೆ ಬರುತ್ತದಂತೆ

ಈ ಡ್ರೋನಿನ ದೆಸೆಯಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಒಂದು ಮುಗಿಯಿತು ಎಂದು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಇನ್ನೊಂದು ಬಾಗಿಲು ತಟ್ಟುತ್ತದೆ. ಹಾರಿಸುವ ಆಸೆ ನನಗೆ ಯಾವತ್ತೂ ಇರಲಿಲ್ಲ. ನಾನು ತೆಲುಗು ನಾಡಿನಲ್ಲಿ, ನಾಚಾರಂನ ಒಂದು ಶಾಲೆಯಲ್ಲಿ ಗಣಿತ ಕಲಿಸುವವನು. ಎಲ್ಲವೂ ನೆಲದ ಮೇಲೆ ಇದ್ದರೇ ನನಗೆ ಸಮಾಧಾನ.

ಒಂದು: ಅಧಿಕಾರ ಸ್ವೀಕಾರ

ಡ್ರೋನ್ ನನ್ನ ಹೆಂಡತಿಯದು. ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು, ಮಕ್ಕಳಿಗಾಗಿ ಡ್ರೋನ್ ಕ್ಲಬ್ ನಡೆಸುತ್ತಿದ್ದಳು. ಒಮ್ಮೆ ರಿಮೋಟು ನನ್ನ ಕೈಗೆ ಕೊಟ್ಟು ನೀರು ಕುಡಿಯಲು ಹೋದಾಗ ನಾನು ರಸ್ತೆಯ ಜಗಳ ನೋಡುತ್ತ ನಿಂತುಬಿಟ್ಟೆ. ಮರುದಿನ ಡ್ರೋನಿನ ಬೆನ್ನ ಮೇಲೆ ಒಂದು ಚೀಟಿ ಅಂಟಿತ್ತು. ಕಪ್ಪು ಮಸಿಯಲ್ಲಿ, ಅವಳ ದುಂಡು ಅಕ್ಷರದಲ್ಲಿ: 'ಕಣ್ಣು ನನ್ನ ಮ್ಯಾಲೆ ಇರಲಿ.' ಮಕ್ಕಳಿಗಾದರೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆಯುತ್ತಿದ್ದಳು. ಅದು ನನಗೇ ಬರೆದದ್ದು.

ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ದಸರಾ ರಜೆ ಮುಗಿದ ಮೇಲೆ ಪ್ರಿನ್ಸಿಪಾಲರು ಕರೆದು, "ಸಾರ್, ಡ್ರೋನು ನಿಮ್ಮ ಮನೆಯಲ್ಲೇ ಇದೆಯಲ್ಲ, ಕ್ಲಬ್ಬನ್ನೂ ನೀವೇ ನೋಡಿಕೊಳ್ಳಿ" ಎಂದರು.

"ನನಗೆ ಹಾರಿಸಲು ಬರುವುದಿಲ್ಲ, ಮೇಡಂ."

"ಅದರಲ್ಲಿ ಏನಿದೆ ಸಾರ್? ಎಲ್ಲಾ ಆಟೋಮ್ಯಾಟಿಕ್. ಅದೇ ಏಳುತ್ತದೆ, ಅದೇ ನಿಲ್ಲುತ್ತದೆ, ಅದೇ ಮನೆಗೆ ಬರುತ್ತದೆ."

"ಹಾಗಾದರೆ ನಾನು ಯಾಕೆ?"

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಸಹಿ ಹಾಕಲು ಒಬ್ಬರು ಬೇಕಲ್ಲ ಸಾರ್."

ಕ್ಲಬ್ಬು ಮುಚ್ಚಿದರೂ ನನಗೆ ಚಿಂತೆ ಇರಲಿಲ್ಲ. ಆ ಚೀಟಿ ಹೊತ್ತ ಡ್ರೋನಿಗೆ ಏನೂ ಆಗಬಾರದು, ಅಷ್ಟೇ. ಅವಳ ಹಳೆಯ ಡ್ರೋನ್ ಪುಸ್ತಕ ತೆಗೆದು, ಗಣಿತದ ಮೇಷ್ಟ್ರು ಓದುವ ಹಾಗೆ ಅಡಿಗೆರೆ ಹಾಕಿಕೊಂಡು ಓದಿ, ಕಲಿತೆ.

ಎರಡು: ಮುಂದೆ ಏನೂ ಇರಲಿಲ್ಲ

ನಮ್ಮ ಮೇಲಿನ ಮನೆಯಲ್ಲಿ ಮೈಸೂರಿನ ಒಬ್ಬ ತರುಣ ಇದ್ದಾರೆ, ಐಟಿ ಕೆಲಸ. ಒಂದು ಭಾನುವಾರ ನಾನು ಖಾಲಿ ಮೈದಾನದಲ್ಲಿ ಹತ್ತಡಿ ಎತ್ತರದಲ್ಲಿ ಹಾರಿಸಿ ಅಭ್ಯಾಸ ಮಾಡುತ್ತಿದ್ದಾಗ ಬಂದರು.

"ಸರ್, ಯಾಕ್ ಸರ್ ಇಷ್ಟೊಂದು ಟೆನ್ಷನ್? ಇದರಲ್ಲಿ ಸೆನ್ಸರ್ ಇದೆ. ಅಡ್ಡ ಏನಾದ್ರೂ ಬಂದ್ರೆ ತಾನೇ ನಿಂತ್ಕೊಳ್ಳುತ್ತೆ. ಕೊಡಿ ಇಲ್ಲಿ."

ಕೊಡಬಾರದಿತ್ತು. ಆದರೆ ಅವರು ಅವಳು ತೀರಿಕೊಂಡ ಆ ಆಗಸ್ಟಿನಲ್ಲಿ ಎಂಟು ದಿನ ನನಗೆ ಊಟ ತಂದುಕೊಟ್ಟವರು.

ಅವರು ಡ್ರೋನನ್ನು ತಮ್ಮ ಮುಖದೆದುರು ನಿಲ್ಲಿಸಿ, ಕೈಬೀಸುತ್ತ, ಹಿಂದಕ್ಕೆ ಹಿಂದಕ್ಕೆ ಮೇಲಕ್ಕೆ ಕಳಿಸಿದರು. ಚಿತ್ರದಲ್ಲಿ ತಾವು ಚಿಕ್ಕದಾಗುತ್ತ ಹೋಗಿ ಮೈದಾನವೆಲ್ಲ ಕಾಣಬೇಕಂತೆ. ಅವರ ಕಣ್ಣು ಫೋನಿನ ಪರದೆಯಲ್ಲಿ, ತಮ್ಮದೇ ನಗುವಿನ ಮೇಲೆ.

"ಹಿಂದೆ ಬೇವಿನ ಮರ" ಎಂದೆ.

"ಸೆನ್ಸರ್ ಇದೆ ಸರ್."

"ಮುಂದೆ ಮತ್ತು ಕೆಳಗೆ ಮಾತ್ರ ಇದೆ. ಪುಸ್ತಕದ ಹನ್ನೊಂದನೇ ಪುಟ."

ಅಷ್ಟರಲ್ಲಿ ಬೇವಿನ ಎಲೆಗಳು ಉದುರತೊಡಗಿದವು. ವಾಚ್‌ಮನ್ ಮಾವಿನಕಾಯಿ ಕೀಳುವ ಕೋಲು ತಂದು, ಅರ್ಧ ಗಂಟೆ ಒದ್ದಾಡಿ, ಡ್ರೋನನ್ನು ಇಳಿಸಿದ. ಒಂದು ರೆಕ್ಕೆ ಮುರಿದಿತ್ತು, ಚೀಟಿಗೆ ಏನೂ ಆಗಿರಲಿಲ್ಲ. ನಾನು ಉಸಿರು ಬಿಟ್ಟೆ.

"ಮುಂದೆ ಏನೂ ಇರ್ಲಿಲ್ಲ ಸರ್, ನಿಜವಾಗ್ಲೂ" ಎಂದರು ತರುಣ, ಅಳುಮುಖ ಮಾಡಿಕೊಂಡು.

"ಇತ್ತು. ನೀವಿದ್ದಿರಿ. ನಿಮಗೆ ಡಿಕ್ಕಿ ಹೊಡೆಯದಂತೆ ಅದು ಕೊನೆಯವರೆಗೂ ಎಚ್ಚರವಾಗಿತ್ತು."

ಮೂರು: ಕಾಯಿದೆ

ಹೆಂಡತಿಯ ಅಣ್ಣ ಬೇಗಂಪೇಟೆಯಲ್ಲಿದ್ದಾರೆ. ಸರ್ಕಾರಿ ನೌಕರಿಯಿಂದ ನಿವೃತ್ತರು. ಹಿರಿಯರು ಕಲಬುರಗಿ ಕಡೆಯಿಂದ ಬಂದವರು, ಮನೆಯಲ್ಲಿ ಇನ್ನೂ ಆ ಮಾತೇ. ಮೊಮ್ಮಗನ ತೊಟ್ಟಿಲ ಕಾರ್ಯಕ್ರಮಕ್ಕೆ ಫೋನ್ ಮಾಡಿದರು.

"ಮಾಸ್ತರ್ರ, ತಂಗೀದು ಡ್ರೋನ್ ತಗೊಂಡು ಬರ್ರಿ. ಮಾಳಿಗಿ ಮ್ಯಾಲಿಂದ ಎಲ್ಲಾರ ಫೋಟೋ ತಗೀರಿ."

"ಅಲ್ಲಿ ಹಾರಸಾಕ ಬರಂಗಿಲ್ರಿ. ವಿಮಾನ ನಿಲ್ದಾಣ ಪಕ್ಕದಾಗ ಐತಿ."

"ಹಾರಸಬಾರದ ಜಾಗಾ ಇದ್ರ ಅದ ಏಳಂಗಿಲ್ಲಂತಲ್ಲ? ಮತ್ತ ನಿಮಗ್ಯಾಕ ಚಿಂತಿ? ಬ್ಯಾಡಾಗಿದ್ರ ಅದ ಬ್ಯಾಡ ಅಂತೈತಿ."

ಅವರ ಜೊತೆ ವಾದಿಸಿ ಗೆದ್ದವಳು ಒಬ್ಬಳೇ, ಅವಳೂ ಈಗ ಇಲ್ಲ. ಡ್ರೋನ್ ಒಯ್ದೆ. ಆದರೆ ಯಂತ್ರ ಬೇಡ ಎನ್ನುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಅದು ಎದ್ದೇ ಬಿಟ್ಟರೆ? ಮೆಟ್ಟಿಲು ಹತ್ತುವ ಮೊದಲೇ ಬ್ಯಾಟರಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮಾಳಿಗೆಯ ಮೇಲೆ ನಲವತ್ತು ಜನ ಆಕಾಶ ನೋಡುತ್ತ ನಿಂತರು. ಕೂಸು ಅಳುತ್ತಿತ್ತು. ನಾನು ಗುಂಡಿ ಒತ್ತಿದೆ. ಒತ್ತಿದೆ. ಮತ್ತೆ ಒತ್ತಿದೆ.

"ನಾ ಇದ ಬೇಗಂಪ್ಯಾಟ್ಯಾಗ ಮೂವತ್ತು ವರ್ಷ ಆಫೀಸರ್ ಇದ್ದೆ ಅಂತ ಅದಕ್ಕ ಹೇಳ್ರಿ" ಎಂದರು ಅವಳ ಅಣ್ಣ, ಬೀಗರೊಬ್ಬರ ಕಡೆ ನೋಡುತ್ತ. ಆಮೇಲೆ ತಾವೇ ಬಗ್ಗಿ ಡ್ರೋನನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿದರು. ಚೀಟಿಯ ಮೇಲೆ ಅವರ ಹೆಬ್ಬೆರಳು ಒಂದು ಕ್ಷಣ ನಿಂತಿತು. ಮೆಲ್ಲಗೆ ಕೆಳಗಿಟ್ಟು, ನೆಂಟರ ಕಡೆ ತಿರುಗಿದರು.

"ನೋಡ್ರಿ, ಕಾಯಿದೆ ಅಂದ್ರ ಹಿಂಗಿರಬೇಕು. ಏಳೂದು ದೂರ ಉಳೀತು, ಲೈಟ್ ಸುದ್ದಾ ಹತ್ತಾಕ ಬಿಡವಲ್ದು!"

ನಾಲ್ಕು: ದೋಣಿ ಮತ್ತು ಪ್ರವಾಹ

ಕ್ರೀಡಾದಿನದ ತಾಲೀಮು. ನಮ್ಮ ಪಿ.ಟಿ. ಮೇಷ್ಟ್ರಿಗೆ ಮಕ್ಕಳ ಕವಾಯತು ಮೇಲಿನಿಂದ ಬೇಕಿತ್ತು. "ಇನ್ನೂ ಎತ್ತರ ಸಾರ್, ಇನ್ನೂ ದೂರ." ಬ್ಯಾಟರಿ ಅರ್ಧಕ್ಕಿಳಿದಾಗ ವಾಪಸ್ ಕರೆಯುತ್ತೇನೆ ಎಂದೆ. "ಯಾಕೆ ಸಾರ್? ಕಡಿಮೆಯಾದರೆ ಅದೇ ತಿರುಗಿ ಬರುತ್ತದೆ" ಎಂದು ಸೀಟಿ ಊದಿದರು. ಸೀಟಿ ಊದಿದವರ ಮುಂದೆ ನಾನು ಸುಮ್ಮನಾಗುವವನು.

ಬ್ಯಾಟರಿ ಕಡಿಮೆಯಾಯಿತು. ಅವರು ಹೇಳಿದಂತೆಯೇ ಡ್ರೋನ್ ತಿರುಗಿತು, ನಮ್ಮ ಕಡೆ ಮುಖ ಮಾಡಿತು, ಅಲ್ಲೇ ನಿಂತಿತು. ಎದುರುಗಾಳಿ. ಬಗ್ಗಿ ತಳ್ಳುತ್ತಿದೆ, ಒಂದಡಿಯೂ ಮುಂದೆ ಬರುತ್ತಿಲ್ಲ. ಕೆಳಗೆ ಕಾರ್ಖಾನೆಯ ತಗಡಿನ ಚಾವಣಿ. ಶೇಕಡಾ ಹದಿನಾಲ್ಕು. ಹದಿಮೂರು.

ಎಂಟನೇ ತರಗತಿಯ ಮಕ್ಕಳಿಗೆ ಅದೇ ವಾರ ದೋಣಿ ಮತ್ತು ಪ್ರವಾಹದ ಲೆಕ್ಕ ಮಾಡಿಸಿದ್ದೆ. ಸಾಲಿನಿಂದ ಒಬ್ಬಳು ಕೂಗಿದಳು: "ಸಾರ್, ಎರಡರ ವೇಗವೂ ಸಮ! ಸೊನ್ನೆ!"

ಮೇಲೆ ಗಾಳಿ ಜಾಸ್ತಿ, ಕೆಳಗೆ ಕಡಿಮೆ ಎಂದು ನನ್ನ ಹೆಂಡತಿ ತನ್ನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ನೆನಪಾಯಿತು. ಯಂತ್ರದ ಕೈಯಿಂದ ಬಿಡಿಸಿಕೊಂಡು, ಚಾವಣಿಗಿಂತ ಸ್ವಲ್ಪವೇ ಮೇಲಿರುವಂತೆ ಇಳಿಸಿ, ನಾನೇ ನಡೆಸಿದೆ. ಶೇಕಡಾ ನಾಲ್ಕಿದ್ದಾಗ ಕಾಲ ಬಳಿ ಕೂತಿತು. ನಾನೂ ಅದರ ಪಕ್ಕ ಕೂತೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೇಳಿದೆ: ದೋಣಿಯ ವೇಗವೂ ಎದುರು ಪ್ರವಾಹದ ವೇಗವೂ ಸಮವಾಗಿದ್ದರೆ ದೋಣಿ ಎಷ್ಟು ಹೊತ್ತಿಗೆ ದಡ ಸೇರುತ್ತದೆ? ಆ ಹುಡುಗಿಯ ಉತ್ತರ: 'ಸೇರುವುದಿಲ್ಲ. ಸಾರ್ ಕೆಳಗೆ ಇಳಿಸಬೇಕು.'

ಪೂರ್ತಿ ಅಂಕ ಕೊಟ್ಟೆ.

ಐದು: ಮನೆ

ಇಷ್ಟೆಲ್ಲ ಹೇಳಿದ ಮೇಲೆ ನನ್ನದನ್ನೂ ಹೇಳಬೇಕು.

ಹಾರುವ ಮೊದಲು ಡ್ರೋನಿಗೆ ದಾರಿ ತೋರುವ ಉಪಗ್ರಹಗಳ ಸಂಕೇತ ಸಿಗಬೇಕು. ಸಿಕ್ಕ ಜಾಗವನ್ನು ಅದು ಮನೆ ಎಂದು ಗುರುತಿಟ್ಟುಕೊಳ್ಳುತ್ತದೆ. ವಾಪಸ್ ಕರೆದರೆ ಅಲ್ಲಿಗೇ ಬರುತ್ತದೆ. ಅವಳು ಪ್ರತಿ ಸಲ ಕಾಯುತ್ತಿದ್ದಳು. "ಮನಿ ಗುರ್ತು ಹಿಡೀಲಿ, ಆಮ್ಯಾಲ ಹೋಗ್ಲಿ" ಎನ್ನುತ್ತಿದ್ದಳು.

ವಾರ್ಷಿಕೋತ್ಸವದ ಮಧ್ಯಾಹ್ನ ಅತಿಥಿಗಳ ಕಾರು ಗೇಟಿಗೆ ಬಂದೇಬಿಟ್ಟಿತು. "ಸಾರ್, ಬೇಗ, ಬೇಗ!" ಎಂದರು ಪ್ರಿನ್ಸಿಪಾಲರು. ಶಾಮಿಯಾನದ ಅಂಚಿನಿಂದಲೇ, ಕಾಯದೆ, ಎಬ್ಬಿಸಿದೆ. ಒಂದು ಸುತ್ತು ಹೊಡೆಸಿ ಚಿತ್ರ ತೆಗೆದೆ. ಅಷ್ಟರಲ್ಲಿ ಯಾರೋ ತೋಳು ಹಿಡಿದು ಗುಂಪು ಫೋಟೋಕ್ಕೆ ಎಳೆದರು. ನಾನು 'ಮನೆಗೆ ವಾಪಸ್' ಗುಂಡಿ ಒತ್ತಿ, ಕ್ಯಾಮೆರಾ ನೋಡಿ ನಕ್ಕೆ.

ತಿರುಗಿ ನೋಡಿದರೆ ಆಕಾಶ ಖಾಲಿ.

ಪರದೆ ಮಾತ್ರ ನಿಶ್ಚಿಂತೆಯಿಂದ ಹೇಳುತ್ತಿತ್ತು: ಮನೆ ತಲುಪಿದೆ. ಉಪಗ್ರಹಗಳು ಸಿಕ್ಕಿದ್ದು ಶಾಲೆಯ ಹಿಂದಿನ ಗಲ್ಲಿಯ ಮೇಲೆ ಹಾರುವಾಗ. ಅಲ್ಲೇ ಅದರ ಮನೆಯಾಗಿತ್ತು. ಶಾಲು ಹೊದ್ದವರ ನಡುವೆ ನುಗ್ಗಿ ಓಡಿದೆ. ಐವತ್ನಾಲ್ಕನೇ ವಯಸ್ಸಿನಲ್ಲಿ ಓಡಿದ್ದು ಅದು ಎರಡನೇ ಸಲ. ಮೊದಲನೆಯದು ಆಸ್ಪತ್ರೆಯ ಮೆಟ್ಟಿಲು.

ಗಲ್ಲಿಯಲ್ಲಿ ನಾನು ತಟ್ಟಿದ ಮೂರನೇ ಮನೆಯ ಬಾಗಿಲು ತೆರೆದದ್ದು ಒಬ್ಬ ಮುದುಕಿ. ಶಾಲೆಯಿಂದ ಬಂದೆ ಎಂಬ ನನ್ನ ಮುರುಕು ತೆಲುಗು ಕೇಳಿ, "ಕನ್ನಡದವರೇನ್ರಿ? ನಮ್ದು ಗಡೀ ಊರು, ನಾರಾಯಣಪ್ಯಾಟಿ. ಬರ್ರಿ ಮ್ಯಾಲೆ" ಎಂದಳು.

ಮಾಳಿಗೆಯ ತುಂಬ ಹಳೆ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು. ನಟ್ಟನಡುವೆ ಒಂದು ಬುಟ್ಟಿ ಬೋರಲು, ಅದರ ಮೇಲೆ ಗುಂಡುಕಲ್ಲು. ಪಕ್ಕದಲ್ಲಿ ಬಟ್ಟಲು ನೀರು, ಒಂದು ಹಿಡಿ ಜೋಳ.

"ಹಕ್ಕಿ ಅಲ್ಲ ಅಂತ ಗೊತ್ತೈತಿ ನನಗ. ಆದ್ರ ಕಣ್ಣು ಮಿಟುಕಸಾಕತ್ತಿತ್ತು. ಯಾಕ ಬೇಕು ಅಂತ ಕಾಳು ಹಾಕಿದೆ. ಯಾರದಿದು?"

"ನನ್ನ ಹೆಂಡತೀದು."

"ಹಂಗಾದ್ರ ಆಕಿನ್ನ ಕಳಸ್ರಿ. ನಿಮ್ಮ ಕೈಯಾಗ ಕೊಟ್ರ ನಾಳೆ ಮತ್ತ ನನ್ನ ಸಂಡಿಗಿ ಮ್ಯಾಲೆ ಬಂದು ಕುಂದ್ರತೈತಿ."

"ಆಕಿ ಇಲ್ರಿ, ಅಮ್ಮಾ. ಹೋದ ಶ್ರಾವಣದಾಗ ಹೋದ್ಲು."

ಮುದುಕಿ ಕಲ್ಲು ಸರಿಸಿ, ಬುಟ್ಟಿ ಎತ್ತಿ, ಡ್ರೋನಿನ ಕಾಲಿಗಂಟಿದ ಹಸಿ ಸಂಡಿಗೆಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದಳು. ಚಾಚಿದವಳು ಕೊಡದೆ ನಿಂತಳು. ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತೆಲುಗು ಕಲಿತ ಕಣ್ಣಿಗೆ ಕನ್ನಡ ಅಷ್ಟೇನೂ ದೂರವಲ್ಲ.

"ಸಾಲ್ಯಾಗ ಏನು ಕೆಲಸ ಮಾಡ್ತೀರಿ ನೀವು?"

"ಮಾಸ್ತರ್ ಇದ್ದೀನಿ."

ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಪಾಪ, ಆಕಿ ಇಷ್ಟು ದಪ್ಪ ಅಕ್ಷರದಾಗ ಬರದಿಟ್ಟು ಹೋಗ್ಯಾಳ. ಮಾಸ್ತರಾಗಿ ನಿಮಗ ಓದಾಕ ಬರಂಗಿಲ್ಲೇನು?"