ಐದು ಸೆಕೆಂಡು ಸುಮ್ಮನಿರಿ

ಕಂಪ್ಯೂಟರ್ ಎಂಬ ಪದಾರ್ಥದ ಮೇಲೆ ನನಗೆ ಹಳೆಯ ದ್ವೇಷವೇನೂ ಇರಲಿಲ್ಲ. ಮಗಳ ಮೇಜಿನ ಮೇಲೆ ಅದರ ಪಾಡಿಗೆ ಅದಿತ್ತು. ಅಂಗಡಿಯಲ್ಲಿ ಸುಟ್ಟ ಪಂಪ್ ಮೋಟಾರುಗಳಿಗೆ ತಂತಿ ಸುತ್ತುತ್ತಾ ನನ್ನ ಪಾಡಿಗೆ ನಾನಿದ್ದೆ. ನಮ್ಮಿಬ್ಬರಿಗೆ ತಂದಿಟ್ಟವನು ಆ ವೆಲ್ಡಿಂಗ್‌ನವನು.

ನಮ್ಮ ಮೆಕ್ಯಾನಿಕ್‌ಗಳ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಸಮಾರಂಭದ ಆರಂಭಕ್ಕೆ ಒಂದು ಹಾಡು ಬೇಕು, ಅದನ್ನು ರೆಕಾರ್ಡ್ ಮಾಡಿ ತರಬೇಕು ಎಂದು ಅಧ್ಯಕ್ಷರು (ಟೈರ್ ಅಂಗಡಿಯವರು, ಮಾತಿನಲ್ಲೂ ಗಾಳಿ ಜಾಸ್ತಿ) ಅಪ್ಪಣೆ ಕೊಡಿಸಿದರು. ವೆಲ್ಡಿಂಗ್‌ನವನು ಮಾರನೆಯ ದಿನವೇ ದೊಡ್ಡ ಸ್ಟುಡಿಯೋಗೆ ಹೋಗಿ ಹಾಡಿ ಬಂದ. ಅಲ್ಲಿ ಅದೇನು ಮಸಾಲೆ ಅರೆದರೋ, ಅವನ ಕೆಮ್ಮು ಕೂಡ ಗುಹೆಯೊಳಗಿನ ಸಿಂಹದ ಹಾಗೆ ಕೇಳಿಸುತ್ತಿತ್ತು. ಅದನ್ನು ಮೊಬೈಲಿನಲ್ಲಿ ಹಾಕಿಕೊಂಡು ನನ್ನ ಅಂಗಡಿಯ ಮುಂದೆ ಮೂರು ಸಲ ಅಡ್ಡಾಡಿದ.

"ಅಣ್ಣಾ, ಸ್ಟುಡಿಯೋ ಇಲ್ದೆ ಹಾಡು ಆಗಲ್ಲ ಬಿಡು. ನಿನ್ನ ಗಂಟಲಿಗಂತೂ ಎರಡು ಸ್ಟುಡಿಯೋ ಬೇಕು."

ನನಗೆ ಸಿಟ್ಟು ಬರುವುದಿಲ್ಲ. ಇದ್ದೇ ಇರುತ್ತದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು (ಇಟ್ಟೆನೋ ಎಸೆದೆನೋ, ಈಗ ಯಾಕೆ ಆ ಮಾತು) ಹತ್ತು ಜನರ ಮುಂದೆ ಗುಡುಗಿದೆ: "ಮನೇಲಿ, ಪುಕ್ಕಟೆಯಾಗಿ, ನಿನ್ನ ಸ್ಟುಡಿಯೋ ಹಾಡನ್ನ ಮಣ್ಣು ಮುಕ್ಕಿಸೋ ಹಾಡು ಮಾಡ್ತೀನಿ. ಮಾಡ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ತೀನಿ!"

ಹತ್ತು ಜನ ಚಪ್ಪಾಳೆ ತಟ್ಟಿದರು. ಹಾಡಿಗಲ್ಲ, ಮೀಸೆಗೆ.

ಆದರೆ ನಿಜವಾದ ವಿಷಯ ಮೀಸೆಯದಲ್ಲ. ಮದುವೆಯಾದ ಹೊಸದರಲ್ಲಿ ನನ್ನವಳಿಗಾಗಿ ಒಂದು ಹಾಡು ಹಾಡಿ, "ಹೇಗಿತ್ತು?" ಎಂದು ಕೇಳಿದ್ದೆ. "ಹಾಡು ಚೆನ್ನಾಗಿದೆ" ಅಂದಳು. ಹಾಡು! ಹಾಡಿದವನಲ್ಲ! ಇಪ್ಪತ್ತೆರಡು ವರ್ಷದಿಂದ ಆ ವಾಕ್ಯದ ಉಳಿದರ್ಧಕ್ಕೆ ಕಾಯುತ್ತಿದ್ದೇನೆ. ತುಂಬಿದ ಸಭೆಯಲ್ಲಿ ನನ್ನ ದನಿ ಮೊಳಗಿದರೆ ಆಗಲಾದರೂ ಅವಳ ಬಾಯಿಂದ ಅದು ಉದುರೀತು ಎಂಬುದು ನನ್ನ ಒಳಗಿನ ಲೆಕ್ಕಾಚಾರ.

ಮಗಳು ಕಂಪ್ಯೂಟರಿಗೆ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಟ್ಟಳು. ಕಾಸು ಕೇಳದೆ ಕೊಟ್ಟ ಆ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಪರದೆಯ ಮೇಲೆ ಅಷ್ಟೊಂದು ಗುಂಡಿಗಳನ್ನು ಯಾಕೆ ಇಟ್ಟರೋ? ಏಳನೇ ಕ್ಲಾಸಿನಲ್ಲೇ ಶಾಲೆಗೂ ನನಗೂ ಬೇಸರ ಬಂದು ಬೇರೆಯಾದವರು ನಾವು. ನನಗೆ ಗೊತ್ತಿರುವ ಯಂತ್ರಗಳಿಗೆಲ್ಲ ಎರಡೇ ಗುಂಡಿ: ಒಂದು ಶುರು, ಇನ್ನೊಂದು ಬಂದ್.

ಮೈಕು ಮಗಳ ಹಳೆಯ ಹೆಡ್‌ಫೋನಿನದು. ಅದನ್ನು ಸೌಟಿಗೆ ಕಟ್ಟಿ, ಉಸಿರು ಬಡಿಯದಿರಲೆಂದು ಮೇಲೊಂದು ಕಾಲುಚೀಲ ತೊಡಿಸಿ, ಬಟ್ಟೆ ಬೀರುವಿನ ಬಾಗಿಲು ತೆರೆದು ಸೀರೆಗಳ ನಡುವೆ ನೇತುಹಾಕಿದೆ. ಬಟ್ಟೆ ಸದ್ದನ್ನು ಕುಡಿಯುತ್ತದಂತೆ. ಬೆನ್ನ ಹಿಂದಿನಿಂದ ಬೀದಿಯ ಗಲಾಟೆ ಬರಬಾರದೆಂದು ಹಾಸಿಗೆ ಎತ್ತಿ ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ಮೂರು ಸಲ ನನ್ನ ತಲೆಯ ಮೇಲೆ ಬಿತ್ತು.

"ಲೇ, ಬಾ ಇಲ್ಲಿ! ಇದನ್ನ ಹಿಡ್ಕೋ!" ಎಂದು ನನ್ನವಳನ್ನು ಕೂಗಿದೆ.

"ಎಷ್ಟು ಹೊತ್ತು?"

"ಹಾಡು ಮುಗಿಯೋವರೆಗೆ."

"ಅಯ್ಯೋ, ನೀವು ಶುರುಮಾಡೋಕೇ ಅರ್ಧ ದಿನ ಬೇಕು! ಆ ಕಾಲುಚೀಲ ಒಗೆದಿರೋದು ತಾನೇ?"

"ಕಲೆಗೆ ಮರ್ಯಾದೆ ಕೊಡೋದು ಕಲಿ!"

"ಕೊಡ್ತೀನಿ. ಮೊದಲು ನನ್ನ ಸೀರೆ ಮೇಲಿನ ಗ್ರೀಸ್ ಕೈ ತೆಗೀರಿ."

ಮಗಳು ಕ್ಲಾಸಿಗೆ ಹೊರಡುವ ಮುಂಚೆ ಕಂಪ್ಯೂಟರ್ ತೋರಿಸಿ ಪಾಠ ಹೇಳಿದಳು: "ಅಪ್ಪಾ, ಈ ಡಬ್ಬದ ಫ್ಯಾನು ಗುಂಯ್ ಅನ್ನುತ್ತೆ, ಅದೂ ರೆಕಾರ್ಡ್ ಆಗುತ್ತೆ. ಅದಕ್ಕೆ, ರೆಕಾರ್ಡ್ ಒತ್ತಿದ ಮೇಲೆ ಮೊದಲು ಐದು ಸೆಕೆಂಡು ಸುಮ್ಮನಿರು. ಆಮೇಲೆ ಹಾಡು. ಕೊನೇಲಿ ಆ ಮೊದಲ ಐದು ಸೆಕೆಂಡನ್ನ ಆರಿಸಿ ಈ ಗುಂಡಿ ಒತ್ತು. 'ಇದೇ ಗದ್ದಲ' ಅಂತ ಅದಕ್ಕೆ ಗೊತ್ತಾಗುತ್ತೆ. ಅಂಥ ಸದ್ದನ್ನೆಲ್ಲ ಹಾಡಿನ ಉದ್ದಕ್ಕೂ ಹುಡುಕಿ ತೆಗೆದುಹಾಕುತ್ತೆ. ಐದೇ ಸೆಕೆಂಡು, ಆಯ್ತಾ?"

"ಐದು ಸೆಕೆಂಡು ಸುಮ್ಮನಿರೋದಾ? ಇವರಾ?" ಹಾಸಿಗೆಯ ಹಿಂದಿನಿಂದ ದನಿ ಬಂತು.

ರೆಕಾರ್ಡ್ ಒತ್ತಿದೆ. ಒಂದು ಸೆಕೆಂಡು ಸುಮ್ಮನಿದ್ದೆ, ಸುಳ್ಳು ಹೇಳುವುದಿಲ್ಲ. ಎರಡನೆಯದಕ್ಕೆ ಅನಿಸಿತು: ಗಂಟಲು ಬಿಸಿಯಾಗದೆ ಹಾಡುವುದು ಹೇಗೆ? ಮೋಟಾರನ್ನು ಕೂಡ ಖಾಲಿ ಓಡಿಸಿಯೇ ಅಲ್ಲವೇ ಪಂಪಿಗೆ ಜೋಡಿಸುವುದು? ಅದಕ್ಕೇ ಒಂದು "ಆ…" ಎಳೆದೆ. ಅದು ಚೆನ್ನಾಗಿ ಕೇಳಿಸಿದ್ದರಿಂದ ಇನ್ನಷ್ಟು ಎಳೆದೆ. ಹಾಗೇ ನಾನೇ ಕಟ್ಟಿ ವಾರದಿಂದ ಮನೆ ತುಂಬ ಗುನುಗುತ್ತಿದ್ದ ಹಾಡಿಗೆ ಇಳಿದೆ:

"ತಿರುಗು ತಿರುಗು ಮೋಟಾರೇ, ತಿರುಗದಿದ್ರೆ ನಾನಿದ್ದೇನೆ…"

ಎಂಥ ಹಾಡು! ಬೀರುವಿನೊಳಗಿನ ಹ್ಯಾಂಗರುಗಳು ತಾವಾಗಿಯೇ ತಾಳ ಹಾಕಿದವು. ಹಿಂದೆ ಇವಳು ಏನೋ ಗೊಣಗುತ್ತಿರುವಂತೆ ಅನಿಸಿತು. ಆದರೆ ಮೂವತ್ತು ವರ್ಷ ಪಂಪುಗಳ ನಡುವೆ ಕೂತ ಕಿವಿ ನನ್ನದು. ಅದಕ್ಕೆ ಗೊಣಗಾಟ ಹಿಡಿಯುವ ಅಭ್ಯಾಸ ತಪ್ಪಿಹೋಗಿದೆ. (ಸಂಸಾರಕ್ಕೆ ಇದರಿಂದ ಒಳ್ಳೆಯದೇ ಆಗಿದೆ.)

ಹಾಡು ಮುಗಿಯಿತು. ಮಗಳು ಹೇಳಿದಂತೆಯೇ, ಅಕ್ಷರ ತಪ್ಪದೆ, ಮೊದಲ ಐದು ಸೆಕೆಂಡನ್ನು ಆರಿಸಿದೆ, ಗುಂಡಿ ಒತ್ತಿದೆ. ಕಂಪ್ಯೂಟರ್ ಏನೋ ಕೇಳಿತು. ಇಂಗ್ಲಿಷಿನವರು ಏನೇ ಕೇಳಿದರೂ ನಾನು "ಓಕೆ" ಅನ್ನುವವನು. ಅಷ್ಟರಲ್ಲಿ, ಎರಡೂ ಹಾಡು ಕೇಳಿ ಒಂದನ್ನು ಆರಿಸಲು ಸಂಘದಲ್ಲಿ ಕಾದಿದ್ದ ಅಧ್ಯಕ್ಷರ ಫೋನು: "ಬರ್ತೀಯೋ, ಬ್ಲೇಡು ತರಿಸ್ಲೋ?" ಹಾಡನ್ನು ಪೆನ್‌ಡ್ರೈವಿಗೆ ಇಳಿಸಿ ಜೇಬಿಗೆ ಹಾಕಿಕೊಂಡೆ.

"ರೀ, ಒಂದ್ಸಲ ಹಾಕಿ ಕೇಳಿ" ಅಂದಳು.

"ರಿಪೇರಿ ಮಾಡಿದ ಪಂಪನ್ನ ನಾನು ಯಾವತ್ತಾದ್ರೂ ಓಡಿಸಿ ನೋಡಿದ್ದೀನಾ?"

"ಅದಕ್ಕೇ ಗಿರಾಕಿಗಳು ಎರಡೆರಡು ಸಲ ಬರೋದು."

ಬೇಕೆಂತಲೇ ಅವಳನ್ನೂ ಎಳೆದುಕೊಂಡು ಹೋಗಿ, ಸಂಘದ ಕೋಣೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಮೊದಲು ವೆಲ್ಡಿಂಗ್‌ನವನ ಸಿಂಹ ಗರ್ಜಿಸಿತು. ಜನ ತಲೆದೂಗಿದರು. ಆಮೇಲೆ ನನ್ನದು. ಮೀಸೆ ತೀಡಿ, ಅವಳ ಕಡೆ ಒಂದು ನೋಟ ಬೀರಿ, ಎದೆಯುಬ್ಬಿಸಿ ನಿಂತೆ.

ಸ್ಪೀಕರಿನಿಂದ ಪಂಕ್ಚರ್ ಆದ ಟೈರಿನಂತೆ "ಫುಸ್" ಎಂದು ಸ್ವಲ್ಪ ಗಾಳಿ ಬಂತು. ನನ್ನ "ಆ…" ಇಲ್ಲ. ನನ್ನ ಮೋಟಾರಿಲ್ಲ. ನಾನು ಇರಬೇಕಾದ ಜಾಗದಲ್ಲೆಲ್ಲ ದೂರದ ಬಾವಿಯಲ್ಲಿ ಯಾರೋ ಗುಳುಗುಳು ಮಾಡಿದಂತೆ ಒಂದಿಷ್ಟು. ಅದರ ಮೇಲೆ, ಗಾಜಿನಷ್ಟು ಸ್ವಚ್ಛವಾಗಿ, ಒಂದು ಹೆಣ್ಣುದನಿ: "ತಿರುಗು ತಿರುಗು ಮೋಟಾರೇ…"

ಇವಳು! ಹಾಸಿಗೆ ಹಿಡಿದುಕೊಂಡೇ ಹಾಡಿದ್ದಾಳೆ! ನಾನು ಎಳೆದಲ್ಲಿ ಎಳೆಯದೆ, ಬಿದ್ದಲ್ಲಿ ಬೀಳದೆ, ಹಾಯಾಗಿ. ನಡುನಡುವೆ ಒಂದೊಂದು ಟಿಪ್ಪಣಿ ಬೇರೆ: "ಪಾಪ, ಇಲ್ಲಿ ಜಾರಿದ್ರು…" ಆಮೇಲೆ ಮತ್ತೆ ಹಾಡು. ಕೊನೆಗೆ, "ಕೈ ಸೋತುಹೋಯ್ತು ದೇವರೇ, ಇನ್ನೆಷ್ಟು ಚರಣ ಇದ್ಯೋ…"

ಕೋಣೆಯಲ್ಲಿದ್ದ ಇಪ್ಪತ್ತು ಜನ ಮೆಕ್ಯಾನಿಕ್‌ಗಳು ಕುರ್ಚಿ ಬಡಿದರು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಅಕ್ಕಾ, ಇದೇ ನಮ್ಮ ಹಾಡು! ಆ ಟಿಪ್ಪಣಿಗಳನ್ನೂ ಹಾಗೇ ಇಡೋಣ" ಅಂದರು.

"ನನ್ನ ದನಿ ಎಲ್ಲಿ ಹೋಯ್ತು?" ಎಂದು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ ಅಬ್ಬರಿಸಿದೆ.

"ಅಪ್ಪಾ, ಮೊದಲ ಐದು ಸೆಕೆಂಡು ಸುಮ್ಮನಿದ್ದೆ ತಾನೇ?"

ಈ ಸಲ ಐದಲ್ಲ, ಪೂರ್ತಿ ಹತ್ತು ಸೆಕೆಂಡು ಸುಮ್ಮನಿದ್ದೆ.

ಇವಳು ಮೆಲ್ಲಗೆ ಅಂದಳು: "ಗದ್ದಲ ಯಾವುದು ಅಂತ ಅದು ಕೇಳ್ತು. ನೀವೇ ತೋರಿಸಿದ್ರಿ. ಅದರದ್ದೇನು ತಪ್ಪು?"

ಮನೆಯಲ್ಲೇ ಮಾಡಿದ ಪುಕ್ಕಟೆ ಹಾಡು ಸ್ಟುಡಿಯೋ ಹಾಡನ್ನು ಸೋಲಿಸಿದ್ದರಿಂದ ಮೀಸೆ ಉಳಿಯಿತು. ವೆಲ್ಡಿಂಗ್‌ನವನು ಅದನ್ನೂ ಬಿಡಲಿಲ್ಲ: "ಇಟ್ಕೋ ಅಣ್ಣಾ, ಆದ್ರೆ ಇನ್ಮೇಲೆ ಅದು ಅಕ್ಕನ ಮೀಸೆ."

ಈಗ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ರೆಕಾರ್ಡಿಂಗ್. ಸಂಘಕ್ಕೆ ಇನ್ನೂ ನಾಲ್ಕು ಹಾಡು ಬೇಕಂತೆ. ಇವಳು ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಹಾಡುತ್ತಾಳೆ, ಮಗಳು ಗುಂಡಿ ಒತ್ತುತ್ತಾಳೆ. ಬೀರುವಿನೊಳಗೆ ಸೀರೆಗಳ ನಡುವೆ ಬಾಗಿಲು ಮುಚ್ಚಿಕೊಂಡು ಕೂರುವವನು ನಾನೇ. ಹಾಡಲಿಕ್ಕಲ್ಲ, ಬಟ್ಟೆ ಸದ್ದನ್ನು ಕುಡಿಯುತ್ತದಲ್ಲ, ಅದಕ್ಕೆ.

ಹೋದ ವಾರ ರೆಕಾರ್ಡಿಂಗ್ ಮುಗಿದ ಮೇಲೆ ಆ ಕತ್ತಲಲ್ಲೇ ನನ್ನಷ್ಟಕ್ಕೆ ನಾನು ಒಂದು ಸಾಲು ಗುನುಗಿದೆ. ಹೊರಗಿನಿಂದ ಇವಳ ದನಿ ಬಂತು: "ರೀ, ನೀವು ಚೆನ್ನಾಗಿ ಹಾಡ್ತೀರಿ ಕಣ್ರೀ!"

ಇಪ್ಪತ್ತೆರಡು ವರ್ಷ! ಸೀರೆಗಳನ್ನು ಸರಿಸಿಕೊಂಡು ಬಾಗಿಲು ತಳ್ಳಿದೆ.

"ತೆಗೀಬೇಡಿ, ತೆಗೀಬೇಡಿ!" ಅಂದಳು. "ಮುಚ್ಚಿದ್ರೇನೇ ಚೆನ್ನಾಗಿರೋದು."