ತವರಿನ ಬಾಗಿಲಿನ ತೂಕ

ಶರಣಬಸವ: ನೂರಾ ಐವತ್ಮೂರು ಕಿಲೋ ಐತಿ ಅಂದ್ರ ಐತಿ. ಕಾಟಾ ಏನ್ ಸುಳ್ಳ ಹೇಳ್ತೈತೇನು?

ಸುಮಂಗಲಾ: ಕಾಟಾ ಹೇಳಂಗಿಲ್ಲ ಬಿಡ್ರಿ. ಕಾಟಾದ ಮ್ಯಾಲ ನಿಂತವ್ರು ಹೇಳ್ತಾರ.

ಮೆಹಬೂಬಸಾಬ: ಅಣ್ಣಾರ, ಜಗಳಾ ಎಷ್ಟರ ಆಡ್ರಿ, ಆ ಗಾಜಿನ ಮ್ಯಾಲಿಂದ ಮೊಳಕೈ ತಗೀರಿ. ಹ್ವಾದ ವಾರ ಒಬ್ರು ಹಿಂಗಽ ಒರಗಿದ್ರು. ಈಗಿರೂದು ಹೊಸಾ ಗಾಜು.

ಶರಣಬಸವ ಮೊಳಕೈ ತೆಗೆದ. ಕೊಪ್ಪಳದ ಪೇಟೆಯಲ್ಲಿರುವ ಮೆಹಬೂಬಸಾಬನ ಹಾರ್ಡ್‌ವೇರ್ ಅಂಗಡಿಗೆ ಗಂಡ ಹೆಂಡತಿ ಬಂದು ಮುಕ್ಕಾಲು ಗಂಟೆಯಾಗಿತ್ತು. ಸ್ಟೇಷನ್ ಕಡೆ ಅವರದೊಂದು ರೊಟ್ಟಿ ಖಾನಾವಳಿ. ಅದರ ಹೊಸ ಹಾಲ್ ಬರುವ ಸೋಮವಾರ ಶುರುವಾಗಬೇಕು. ಆ ಹಾಲ್‌ಗೆಂದು ಸುಮಂಗಲಾ ತನ್ನ ತವರು ಹುಲಿಹೈದರದಿಂದ ಸಾಗವಾನಿ ಬಾಗಿಲೊಂದನ್ನು ತರಿಸಿದ್ದಳು. ಏಳಡಿ ಎತ್ತರ, ನಾಲ್ಕಡಿ ಅಗಲ, ಮೂರಿಂಚು ದಪ್ಪದ ಒಂಟಿ ಕದ. ನಾಲ್ಕು ಸಾದಾ ಬಿಜಾಗರಿ ಹಾಕಿ ನಿಲ್ಲಿಸಿದರೆ, ಬಡಗಿಗಳು ಓಡಾಡಿದ್ದಕ್ಕೇ ಎಂಟು ದಿನದಲ್ಲಿ ಅರ್ಧ ಇಂಚು ಜೋತು ಬಿದ್ದು, ಹೊಸ ನೆಲವನ್ನು ಕಾಲುಚಂದ್ರನ ಆಕಾರದಲ್ಲಿ ಕೆರೆದಿತ್ತು.

ಈಗ ಗಾಜಿನ ಕಟ್ಟೆಯ ಮೇಲೆ ಪಿವೋಟ್ ಬಿಜಾಗರಿಯ ಪೆಟ್ಟಿಗೆ ತೆರೆದು ಕೂತಿತ್ತು. ಉಕ್ಕಿನ ಎರಡು ತುಂಡು, ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಮೆಹಬೂಬಸಾಬ: ಸಾದಾ ಬಿಜಾಗರಿ ಹಾಕಿದ್ರ ಭಾರೆಲ್ಲಾ ಚೌಕಟ್ಟಿನ ಸ್ಕ್ರೂ ಮ್ಯಾಲ. ಇದು ಹಂಗಲ್ಲ. ಕೆಳಗಿಂದು ನೆಲದಾಗ ಕುಂತು ಅಷ್ಟೂ ಭಾರ ಹೊರತೈತಿ. ಮ್ಯಾಲಿಂದು ಬರೇ ಬಾಗಿಲಾ ನೆಟ್ಟಗ ನಿಂದ್ರಂಗ ಹಿಡಕೊಂಡಿರತೈತಿ.

ಸುಮಂಗಲಾ: ನಮ್ಮ ಖಾನಾವಳಿ ಇದ್ದಂಗ. ಕೆಳಗ ಒಲಿ ಮುಂದ ನಾ, ಮ್ಯಾಲ ರೊಕ್ಕದ ಗಲ್ಲೇದಾಗ ಇವರು.

ಶರಣಬಸವ: ಗಲ್ಲೇದಾಗ ನೆಟ್ಟಗ ಕುಂದ್ರೂದು ಸಣ್ಣ ಕೆಲಸ ಅಂತ ತಿಳದೀಯೇನು?

ಸುಮಂಗಲಾ: ನಾ ಎಲ್ಲಿ ಅಂದ್ನಿ? ಎರಡೂ ಬೇಕಂತ ಸಾಬರಽ ಹೇಳಾಕತ್ಯಾರಲ್ಲ.

ಮೆಹಬೂಬಸಾಬ: ದಿನಕ್ಕ ಎಷ್ಟ ಸಲ ತೆರೀತೈತ್ರಿ?

ಶರಣಬಸವ: ಮುನ್ನೂರು ಮಂದಿ ಉಣ್ಣಾಕ ಬರ್ತಾರ. ಮುನ್ನೂರು ಸಲ.

ಸುಮಂಗಲಾ: ಉಂಡವ್ರು ಒಳಗಽ ಮಲಗತಾರೇನು?

ಶರಣಬಸವ: ಆತು, ಆರನೂರು.

ಸುಮಂಗಲಾ: ಕೈ ತೊಳಿಯೋ ನಳ ಎಲ್ಲೈತಿ?

ಶರಣಬಸವ: ...ಹೊರಗ.

ಸುಮಂಗಲಾ: ಕೈ ತೊಳಕೊಳ್ಳಾಕ ಹೊರಗ ಹೋಗ್ತಾರ. ಸೋಂಪು ತಿನ್ನಾಕ ಮತ್ತ ಒಳಗ ಬರ್ತಾರ. ಆಮ್ಯಾಲ ಮನಿಗೆ ಹೊಂಡತಾರ. ಒಬ್ಬಾವಂಗ ನಾಕು ಸಲ ಆತು. ಗಿಣಿಗೇರಾ ಫ್ಯಾಕ್ಟರಿ ಮಂದಿ ಬ್ಯಾರೆ. ಮೊದ್ಲ ಒಬ್ಬಾಂವ ಇಣುಕಿ ಜಾಗಾ ನೋಡಿ ಹೋಗಿ, ಆಮ್ಯಾಲ ಎಂಟು ಮಂದೀನ ಕರಕೊಂಡ ಬರ್ತಾನ.

ಮೆಹಬೂಬಸಾಬ: ಸಾವಿರದಾ ಇನ್ನೂರರ ಮ್ಯಾಲ ಹ್ವಾತು. ಹಂಗಾದ್ರ ಬೇರಿಂಗ್ ಇದ್ದಿದ್ದಽ ಬೇಕು, ಇದಽ ಆಗಬೇಕು. ಆದ್ರ ಪೆಟಗಿ ಮ್ಯಾಲ ಏನ್ ಬರದೈತಿ ನೋಡ್ರಿ. ನೂರಾ ಐವತ್ತು ಕಿಲೋ.

ಶರಣಬಸವ: ನಮ್ಮದು ಮೂರು ಕಿಲೋ ಹೆಚ್ಚು. ಮೂರು ಕಿಲೋಕ್ಕ ಏನಾಕ್ಕೈತ್ರಿ?

ಮೆಹಬೂಬಸಾಬ: ಮೂರು ತೊಲಿ ಹೆಚ್ಚಾದ್ರೂ ನಾ ಕೊಡಂಗಿಲ್ರಿ. ದಿನಾ ಸಾವಿರ ಸಲ ತಿರಗೂ ಬಾಗಿಲಾ ಒಂದಿನ ಉಣ್ಣಾಕ ಬಂದವ್ರ ಮ್ಯಾಲ ಬಿದ್ರ? ದೊಡ್ಡ ಸೆಟ್ ಹುಬ್ಬಳ್ಳಿಯಿಂದ ಬರಬೇಕು. ಹದಿನೈದು ದಿನ.

ಶರಣಬಸವ: ನಮಗ ಸೋಮವಾರ ಬೇಕು. ಗಾಜಿನ ಬಾಗಿಲಾದ್ರ ಶನಿವಾರಽ ಕೂಡಸ್ತೀನಿ ಅಂದಾನ ಆ ಗಾಜಿನಾಂವ. ಗಾಜಿದ್ರ ಒಳಗ ಉಣ್ಣವ್ರು ಹೊರಗ ಹೋಗವ್ರಿಗೆ ಕಾಣತಾರ, ನೋಡಿದವ್ರಿಗೂ ಹಸಿವಾಕ್ಕೈತಿ.

ಸುಮಂಗಲಾ: ಕಾಣೂದಽ ಬ್ಯಾಡಾಗೈತಿ ನಮ್ಮ ಗಿರಾಕಿಗೆ. ಡಾಕ್ಟರ್ ಮುಂದ ಬಾಯಿ ಕಟ್ಟೀನಿ ಅಂದವ್ರಽ ಅರ್ಧ ಮಂದಿ.

ಶರಣಬಸವನಿಗೆ ಕೆಮ್ಮು ಬಂತು. ಮೆಹಬೂಬಸಾಬ ನೀರಿನ ಬಾಟಲಿ ಮುಂದೆ ಮಾಡಿದ.

ಸುಮಂಗಲಾ: ಸಾಬ್ರ, ಆ ಬಾಗಿಲದ ಒಳಮಗ್ಗಲಕ್ಕ ನಮ್ಮಪ್ಪ ಪ್ರತಿ ಯುಗಾದಿಗೆ ನನ್ನ ನಿಂದರಸಿ, ನನ್ನ ಎತ್ತರಕ್ಕ ಉಳಿಲೆ ಒಂದು ಗೀಟು ಹೊಡೀತಿದ್ದ. ಹನ್ನೊಂದು ಗೀಟು ಅದಾವು. ನಮ್ಮಣ್ಣ ಹೊಸಾ ಮನಿಗೆ ಬ್ಯಾಡಂದ. ಗಾಜಿನ ಮ್ಯಾಲ ಗೀಟು ಹೊಡಿಯಾಕ ಬರತೈತೇನ್ರಿ?

ಮೆಹಬೂಬಸಾಬ: ಅದಕ್ಕಽ ತೂಕ ಸರಿಯಾಗಿ ಗೊತ್ತಾಗಬೇಕು ಅಕ್ಕಾರ. ಹೆಂಗ ತೂಗಿದ್ರಿ ಇದನ್ನ?

ಶರಣಬಸವನಿಗೆ ಇದು ಹೆಮ್ಮೆಯ ವಿಷಯ. ಎದೆ ಸೆಟೆಸಿ ಹೇಳಿದ.

ಶರಣಬಸವ: ಖಾನಾವಳಿ ಬಾಜೂಕ ಕಾಳಿನ ಅಂಗಡಿ ಕಾಟಾದ ಮ್ಯಾಲ. ಬಾಗಿಲಾ ಅಡ್ಡಾಗಿ ನಿಂದರಿಸಿದ್ವಿ. ಹಿಡೀದಿದ್ರ ಬೀಳತೈತಿ. ಹೊರಗ ನಿಂತು ಹಿಡದ್ರ ನಮ್ಮ ಕೈ ಒಂದಿಷ್ಟು ಭಾರ ಹೊತ್ತು ಲೆಕ್ಕ ತಪ್ಪತೈತಿ. ಅದಕ್ಕ ನಾನೂ ಹಮಾಲ ಹೊಳಿಯಪ್ಪನೂ ಕಾಟಾ ಹತ್ತಿ ನಿಂತಽ ಹಿಡದ್ವಿ. ಒಟ್ಟು ಇನ್ನೂರಾ ಎಂಬತ್ತಾರು ಬಂತು. ನಮ್ಮಿಬ್ಬರನ್ನ ಕಳದ್ರ ಬಾಗಿಲಾ!

ಮೆಹಬೂಬಸಾಬ: ವಾಹ್! ಭಾರಿ ತಲಿ ಬಿಡ್ರಿ. ಹೊಳಿಯಪ್ಪ ಎಷ್ಟು?

ಶರಣಬಸವ: ಅರವತ್ತೆರಡು. ಅವನ್ನ ಮುಂಚೇನಽ ಬ್ಯಾರೆ ತೂಗಿದ್ವಿ.

ಮೆಹಬೂಬಸಾಬ: ನೀವು?

ಶರಣಬಸವ: ಎಪ್ಪತ್ತೊಂದು.

ಮೆಹಬೂಬಸಾಬ: ನಿಮ್ಮನ್ನೂ ಬ್ಯಾರೆ ತೂಗಿದ್ರೇನು?

ಶರಣಬಸವ: ನನ್ನ ತೂಕ ನನಗ ಗೊತ್ತಿಲ್ಲೇನ್ರಿ?

ಆ ಎಪ್ಪತ್ತೊಂದಕ್ಕೆ ಒಂದು ಇತಿಹಾಸವಿತ್ತು. ಎಪ್ಪತ್ತೆರಡಕ್ಕೆ ಇಳಿಯುವವರೆಗೆ ಎಣ್ಣೆಯಲ್ಲಿ ಕರಿದದ್ದು ಬೇಡವೆಂದು ಡಾಕ್ಟರು ಹೇಳಿದ್ದರು. ಶರಣಬಸವ ಪ್ರತಿ ಸೋಮವಾರ ಔಷಧಿ ಅಂಗಡಿಗೆ ತೂಕ ನೋಡಲು ಹೋಗುತ್ತಿದ್ದ, ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ವರದಿ ವಾರಕ್ಕೊಂದು ಕಿಲೋ ಇಳಿಯುತ್ತಿತ್ತು. ಅದು ಎಪ್ಪತ್ತೊಂದಕ್ಕೆ ಬಂದು ನಿಂತ ಸಂಜೆಯಿಂದ ಅವನ ಮಂಡಕ್ಕಿಯ ಪಕ್ಕದಲ್ಲಿ ಎರಡು ಮಿರ್ಚಿ ಮತ್ತೆ ಕಾಣಿಸಿಕೊಂಡಿದ್ದವು. ಇಳಿದದ್ದು ವರದಿ ಮಾತ್ರ. ಕಾಟಾದ ಮುಳ್ಳು ಇಳಿದಿರಲಿಲ್ಲ.

ಸುಮಂಗಲಾ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದಳು.

ಸುಮಂಗಲಾ: ಹೋಗ್ಲಿ ಬಿಡ್ರಿ ಸಾಬ್ರ. ನೂರಾ ಐವತ್ಮೂರು ಅಂದ್ರ ಐವತ್ಮೂರು. ಗಾಜಿಂದಽ ಕೂಡಸೂಣು. ಬಾಗಿಲಾ ಕೊಯ್ಸಿ ಎರಡು ಬೆಂಚು ಮಾಡಿಸ್ತೀನಿ.

ಅವಳ ಬೆರಳು ಮುಚ್ಚಳದ ಮೇಲೆಯೇ ಇತ್ತು. ಶರಣಬಸವ ಅದನ್ನು ನೋಡಿದ. ಕೊಯ್ದರೆ ಗೀಟುಗಳು ಯಾವ ಬೆಂಚಿಗೆ ಎಷ್ಟೆಷ್ಟು ಹೋಗುತ್ತವೆ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಆ ಲೆಕ್ಕ ಅವನಿಗೆ ಸೇರಲಿಲ್ಲ.

ಶರಣಬಸವ: ಸಾಬ್ರ... ಮೊಳಿ ತೂಗೂ ಕಾಟಾ ಎಲ್ಲೈತಿ?

ಮೆಹಬೂಬಸಾಬ: ಮೂಲ್ಯಾಗ ಐತಿ. ಯಾಕ್ರಿ?

ಶರಣಬಸವ: ಚಪ್ಪಲಿ ಬಿಡ್ಲೇನು?

ಸುಮಂಗಲಾ: ಬಾಗಿಲಾ ತೂಗೂ ಮುಂದ ಬಿಟ್ಟಿದ್ರೇನು?

ಶರಣಬಸವ: ಇಲ್ಲ.

ಸುಮಂಗಲಾ: ಹಂಗಾದ್ರ ಹಂಗಽ ಹತ್ರಿ.

ಹತ್ತಿದ. ಉಸಿರು ಒಳಗೆಳೆದುಕೊಂಡ. ಅದರಿಂದ ತೂಕ ಕಡಿಮೆಯಾಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಮೆಹಬೂಬಸಾಬ ಕನ್ನಡಕ ಏರಿಸಿ ಬಗ್ಗಿದ.

ಮೆಹಬೂಬಸಾಬ: ಎಂಬತ್ನಾಕು.

ಮೆಹಬೂಬಸಾಬ ಪೆನ್ನು ತೆಗೆದು ಪೆಟ್ಟಿಗೆಯ ಮೇಲೆಯೇ ಕಳೆದ.

ಮೆಹಬೂಬಸಾಬ: ಇನ್ನೂರಾ ಎಂಬತ್ತಾರರಾಗ ಅರವತ್ತೆರಡು ಹ್ವಾತು, ಎಂಬತ್ನಾಕು ಹ್ವಾತು... ನೂರಾ ನಲವತ್ತು! ಅಕ್ಕಾರ, ನಿಮ್ಮ ಬಾಗಿಲಾ ಪಾಸ್! ಹತ್ತು ಕಿಲೋ ಉಳದೈತಿ!

ಶರಣಬಸವ: (ಕಾಟಾದ ಮೇಲಿಂದಲೇ) ಆ ಹದಿಮೂರು ಕಿಲೋ ಬಾಗಿಲದ್ದಲ್ಲ. ನಂದು.

ಸುಮಂಗಲಾ: ನನಗ ಗೊತ್ತಿಲ್ಲೇನು? ಯುಗಾದಿಯಿಂದ ಈಚೆ ಎರಡು ಸಲ ನಿಮ್ಮ ಪ್ಯಾಂಟಿನ ಹೊಲಿಗಿ ಬಿಚ್ಚಿ ಸಡಲ ಮಾಡಿದಾಕಿ ನಾ.

ಶರಣಬಸವ: ಮತ್ತ ಬೆಂಚು ಮಾಡಿಸ್ತೀನಿ ಅಂದಿ?

ಸುಮಂಗಲಾ: ಬಾಗಿಲಾ ದೊಡ್ಡದೋ ಮಿರ್ಚಿ ದೊಡ್ಡದೋ, ನಿಮ್ಮ ಬಾಯಿಂದಽ ಕೇಳೂಣು ಅಂದ್ನಿ. ಹೇಳಿದ್ರಿ. ಛಲೋ ಆತು.

ಆ 'ಛಲೋ' ಎಂಬ ಮಾತು ಸ್ವಲ್ಪ ಮೆತ್ತಗಿತ್ತು. ಶರಣಬಸವ ಕಾಟಾ ಇಳಿದು ಧೈರ್ಯ ಮಾಡಿದ.

ಶರಣಬಸವ: ಹಂಗಾದ್ರ ಇವತ್ತು ಸಂಜೀಕ, ಖುಷಿಗೆ ಅಂತ, ಒಂದಽ ಒಂದು...

ಸುಮಂಗಲಾ: ಬಾಗಿಲಕ್ಕ ಲಿಮಿಟ್ ನೂರಾ ಐವತ್ತು, ನಿಮಗ ಎಪ್ಪತ್ತೆರಡು. ಲಿಮಿಟ್ ದಾಟಿದ್ದು ಬಾಗಿಲಲ್ಲ.

ಮೆಹಬೂಬಸಾಬ ಪೆಟ್ಟಿಗೆಗೆ ದಾರ ಕಟ್ಟಿ ಮುಂದೆ ಸರಿಸಿದ.

ಮೆಹಬೂಬಸಾಬ: ಒಂದು ಮಾತು ನೆನಪಿಡ್ರಿ. ಮ್ಯಾಲಿಂದೂ ಕೆಳಗಿಂದೂ ಒಂದಽ ಗೆರಿಗೆ ಕೂಡಬೇಕು, ದಾರಕ್ಕ ತೂಕದ ಗುಂಡು ಕಟ್ಟಿ ಇಳೀಬಿಟ್ಟು ನೋಡಂತ ಬಡಗಿಗೆ ಹೇಳ್ರಿ. ಆಮ್ಯಾಲ ಬಾಗಿಲಕ್ಕ ಯಾರೂ ಒರಗಿ ನಿಂದ್ರಬಾರದು. ಹತ್ತಽ ಕಿಲೋ ಉಳದಿದ್ದು.

ಸುಮಂಗಲಾ ಗಂಡನ ಕಡೆ ತಿರುಗಿದಳು.

ಶರಣಬಸವ ಗಾಜಿನ ಕಟ್ಟೆಯ ಮೇಲೆ ಮತ್ತೆ ಊರಿದ್ದ ಮೊಳಕೈ ತೆಗೆದ.